ಒಂದು ಬೆರಳಿನ ಬಲೆ

ಒಂದು ಬೆರಳಿನ ಅಳತೆಗೆ ಬಲೆ ಹೆಣೆದುಕೊಡು ಎಂದು ಬಲೆಯಕ್ಕನ ಮುಂದೆ ಮೊದಲು ಬಾಯಿಬಿಟ್ಟವನು ಹೊರಗಿನವನಲ್ಲ, ಅವಳ ಒಡಹುಟ್ಟಿದ ತಮ್ಮನೇ. ಬೇರೆ ಯಾರಾದರೂ ಕೇಳಿದ್ದರೆ ಅವಳು ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡು, ಬಂದ ದಾರಿ ಹಿಡಿ ಎಂದು ಕಣ್ಣಲ್ಲೇ ಹೇಳಿಬಿಡುತ್ತಿದ್ದಳು. ತಮ್ಮನಿಗೆ ಹಾಗೆ ಹೇಳುವುದು ಅವಳಿಂದ ಆಗಲಿಲ್ಲ. ಅವ್ವ ಸತ್ತಾಗ ಅವನಿಗೆ ಎರಡು ವರ್ಷ, ಅವಳಿಗೆ ಹದಿಮೂರು. ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ ಜೀವ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದರೆ ಇಲ್ಲ ಎನ್ನುವುದು ಹೇಗೆ?

ಬಲೆಯಕ್ಕನ ನಿಜವಾದ ಹೆಸರು ಸರಕಾರಿ ಕಾಗದದಲ್ಲಿ ಮಾತ್ರ ಉಳಿದಿತ್ತು. ಮೂರರ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಅವಳ ಎಡಗಾಲು ಸೊರಗಿಹೋಗಿತ್ತು. ಬುಟ್ಟಿ ಹೊತ್ತು ಮರಳಲ್ಲಿ ನಡೆಯಲಾಗದು, ಮೀನು ಒಣಗಿಸುವ ಅಟ್ಟಣೆಯ ಮುಂದೆ ದಿನವಿಡೀ ನಿಲ್ಲಲಾಗದು. ಏಳು ತುಂಬಿದ ದಿನ ಅಪ್ಪ ಅವಳ ಕೈಗೆ ಚಪ್ಪಟೆ ಸೂಜಿ ಕೊಟ್ಟು, ಕಾಲು ಮಾಡದ್ದನ್ನು ಕೈ ಮಾಡಲಿ ಎಂದು ಚಪ್ಪರದಡಿ ಕೂರಿಸಿದ್ದ. ಅಂದು ಕೂತವಳು ನಲವತ್ತಾರು ವರ್ಷ ಎದ್ದಿರಲಿಲ್ಲ ಎಂದು ಊರವರು ತಮಾಷೆ ಮಾಡುತ್ತಿದ್ದರು. ದಂಡೆಯ ಮೂವತ್ತೊಂದು ದೋಣಿಗಳ ಬಲೆಗಳೂ ಅವಳ ಮನೆಯ ಮುಂದಿನ ತಗಡಿನ ಚಪ್ಪರದಿಂದಲೇ ಹೊರಟವು. ಹರಿದಾಗ ಅಲ್ಲಿಗೇ ಬಂದವು.

ಅಪ್ಪನ ಕಾಲದಿಂದಲೂ ಬಲೆಯ ಕಣ್ಣಿಗೆ ಎರಡು ಬೆರಳಿನ ಅಳತೆ. ಕಣ್ಣಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಿಬರಬೇಕು. ಒಂದು ಸಲವಾದರೂ ಮೊಟ್ಟೆಯಿಟ್ಟ ಮೀನು ಅದರಲ್ಲಿ ಸಿಕ್ಕಿಬೀಳುತ್ತದೆ, ಮರಿ ನುಸುಳಿ ಹೋಗುತ್ತದೆ. ಇದನ್ನು ಊರವರು ಹಿರಿಯರ ಜಾಣತನ ಎಂದು ಹೇಳಿಕೊಂಡು ಹೆಮ್ಮೆಪಡುತ್ತಿದ್ದರು. ಆದರೆ ಬಲೆಯಕ್ಕನಿಗೆ ಒಳಗಿನ ಮಾತು ಗೊತ್ತಿತ್ತು. ಬೆರಳುದ್ದದ ಮರಿಯನ್ನು ಹಿಡಿದು ತಂದರೆ ಕೊಳ್ಳುವವರು ಯಾರು? ಒಣಗಿಸಿದರೆ ಪುಡಿಯಾಗುತ್ತದೆ, ಬೇಯಿಸಿದರೆ ಮುಳ್ಳೇ ಉಳಿಯುತ್ತದೆ. ಕೊಳ್ಳುವವರಿಲ್ಲದ್ದಕ್ಕೆ ಕೊಲ್ಲುವವರೂ ಇರಲಿಲ್ಲ, ಅಷ್ಟೇ.

ಕೊಳ್ಳುವವರು ಬಂದರು. ದಂಡೆಯ ತುದಿಯಲ್ಲಿ, ಮುಚ್ಚಿಹೋಗಿದ್ದ ಮಂಜುಗಡ್ಡೆ ಕಾರ್ಖಾನೆಯ ಪಕ್ಕ, ನಾಲ್ಕೇ ತಿಂಗಳಲ್ಲಿ ಮೀನುಹಿಟ್ಟಿನ ಕಾರ್ಖಾನೆ ಎದ್ದು ನಿಂತಿತು. ಅದರ ಗೇಟಿನಲ್ಲಿ ಇದು ಯಾವ ಮೀನು, ಎಷ್ಟು ಉದ್ದ, ಹಿಡಿದು ಎಷ್ಟು ಹೊತ್ತಾಯಿತು ಎಂದು ಕೇಳುವವರೇ ಇರಲಿಲ್ಲ. ಕೇಳುತ್ತಿದ್ದುದು ತೂಕ ಒಂದನ್ನೇ. ಮುಟ್ಟಿದರೆ ಉರಿಯುವ ಲೋಳೆಮೀನು, ಮರಳು, ಪಾಚಿ ತೆಗೆದು ಉಳಿದದ್ದೆಲ್ಲವೂ ಮೀನೇ.

ತಮ್ಮ ಬಂದು ಕೂತದ್ದು ಅದಾದ ಎರಡನೇ ತಿಂಗಳಲ್ಲಿ. ಬಲೆಯಕ್ಕ ಅಪ್ಪನ ಮಾತು ಎತ್ತಿದಳು; ಮರಿ ಹಿಡಿದರೆ ಮುಂದೆ ಏನನ್ನು ಹಿಡಿಯುತ್ತೀಯ ಎಂದಳು. ಅವನು ಕೋಪಿಸಿಕೊಳ್ಳಲಿಲ್ಲ. ಮರಳ ಮೇಲೆ ಗೆರೆ ಎಳೆಯುತ್ತ, ನಿಧಾನವಾಗಿ ಹೇಳಿದ.

"ಅಕ್ಕ, ನಾನು ಬಿಟ್ಟ ಮರಿ ದೊಡ್ಡದಾಗಿ ನನ್ನ ಬಲೆಗೇ ಬರುತ್ತೆ ಅಂತ ಯಾರಾದ್ರೂ ಬರ್ಕೊಡ್ತಾರಾ? ನಾನು ಬಿಟ್ಟಿದ್ದನ್ನ ಹಿಂದೆ ಬರೋ ದೋಣಿಯವನು ಎತ್ಕೊಳ್ತಾನೆ. ಅವನು ಜಾಣ ಆಗ್ತಾನೆ, ನಾನು ಒಳ್ಳೆಯವನು ಅನ್ನಿಸ್ಕೊಂಡು ಮನೇಲಿ ಕೂತ್ಕೋತೀನಿ."

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ತಮ್ಮನ ಹೆಂಡತಿಯೂ ಮಾತು ಸೇರಿಸಿದಳು. ಹನ್ನೊಂದು ದಿನದಲ್ಲಿ ಬಲೆ ತಯಾರಾಯಿತು. ಅಷ್ಟು ಸಣ್ಣ ಕಣ್ಣಿಗೆ ನೂಲು ಮೂರು ಪಟ್ಟು ಹಿಡಿಯಿತು. ಮುಗಿದ ಬಲೆಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಅದು ಬಲೆಯಂತೆ ಕಾಣದೆ ಪರದೆಯಂತೆ ಕಂಡಿತು. ಒಂದು ವಾರ ಕಳೆಯುವುದರೊಳಗೆ ಇನ್ನು ಆರು ಜನ ಬಂದು ಅಂಥದ್ದೇ ಕೇಳಿದರು. ತಮ್ಮನಿಗೆ ಕೊಟ್ಟ ಮೇಲೆ ಊರಿಗೆ ಇಲ್ಲ ಎನ್ನಲು ಅವಳಿಗೆ ಮುಖವೆಲ್ಲಿತ್ತು?

ಮೊದಲ ಎರಡು ವರ್ಷ ಚೆನ್ನಾಗಿಯೇ ಇದ್ದವು. ಅದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದಂತೆ. ದೋಣಿಗಳು ಸೂರ್ಯ ನೆತ್ತಿಗೇರುವ ಮೊದಲೇ ತುಂಬಿ ಬರುತ್ತಿದ್ದವು. ಬಲೆಯಕ್ಕನ ಮನೆಗೆ ಸಿಮೆಂಟಿನ ನೆಲ ಬಂತು, ಕಣ್ಣಿಗೆ ಕನ್ನಡಕ ಬಂತು. ತಮ್ಮನ ಮಗಳು ಪೇಟೆಯ ಶಾಲೆಗೆ ಸೇರಿದಳು. ಸಂಜೆ ಬಂದು ಅತ್ತೆಯ ಪಕ್ಕದಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು. ಕಾರ್ಖಾನೆಯ ವಾಸನೆ ಮಾತ್ರ ಬಟ್ಟೆಗೆ, ಕೂದಲಿಗೆ, ಕುಡಿಯುವ ನೀರಿಗೆ ಹತ್ತಿಕೊಂಡಿತು. ಮೊದಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ಮೂಗೇ ಸೋತಿತು.

ಮೂರನೇ ವರ್ಷದಿಂದ ಒಂದೊಂದೇ ಕಡಿಮೆಯಾಗುತ್ತ ಬಂತು. ಮೊದಲು ಹೋದವರು ಮೀನು ಒಣಗಿಸುವ ಹೆಂಗಸರು. ಹಿಡಿದದ್ದೆಲ್ಲ ನೇರ ಗೇಟಿಗೆ ಹೋಗುವಾಗ ಅವರ ಅಟ್ಟಣೆಗೆ ಬೀಳುವುದೇನು? ಬಿದಿರಿನ ಅಟ್ಟಣೆಗಳ ಸಾಲು ಖಾಲಿ ಬಿದ್ದು, ಬಿಸಿಲಿಗೆ ಬಿರಿದು, ಕೊನೆಗೆ ಒಲೆ ಸೇರಿತು. ಒಳನಾಡಿನಿಂದ ಬುಟ್ಟಿ ಹಿಡಿದು ಬರುತ್ತಿದ್ದ ವ್ಯಾಪಾರದ ಹೆಂಗಸರು ಎರಡು ಸಲ ಬರಿಗೈಲಿ ಹೋದರು, ಮೂರನೇ ಸಲ ಬರಲೇ ಇಲ್ಲ. ಕಾರ್ಖಾನೆಯ ಕೊಳವೆಯಿಂದ ಕಡಲಿಗೆ ಬೀಳುತ್ತಿದ್ದ ಕಂದು ನೀರಿನಲ್ಲಿ ಕಾಲಿಟ್ಟವರಿಗೆ ತುರಿಕೆ ಹತ್ತಿತು. ದಂಡೆಯ ಹಕ್ಕಿಗಳು ಯಾವಾಗ ಹೋದವು ಎಂದು ಯಾರೂ ಗಮನಿಸಿರಲಿಲ್ಲ. ದೋಣಿಗಳು ಮಾತ್ರ ಇನ್ನೂ ದೂರ, ಮತ್ತೂ ದೂರ ಹೋಗತೊಡಗಿದವು. ಸೂರ್ಯ ನೆತ್ತಿಗೇರುವ ಮೊದಲೇ ಬರುತ್ತಿದ್ದಂಥವು ಈಗ ಎರಡು ದಿನಕ್ಕೆ ಬಂದು, ಅರ್ಧ ಬುಟ್ಟಿ ಮೀನೂ ಅರ್ಧ ಬುಟ್ಟಿ ಲೋಳೆಯೂ ಸುರಿದವು.

ಆ ವರ್ಷ ಕಾರ್ಖಾನೆಯ ಮೀನುಗುಂಡಿಗೆ ಕಾಗೆ ಬೀಳದಂತೆ ಮೇಲೆ ಬಲೆ ಹಾಸಿಕೊಡಲು ಬಲೆಯಕ್ಕನಿಗೆ ಕರೆ ಬಂತು. ಗೇಟಿನಿಂದ ಒಳಗೆ ಅವಳು ಹೋದದ್ದು ಅದೇ ಮೊದಲು. ಗುಂಡಿಯೊಳಗೆ ಸೊಂಟದೆತ್ತರ ಮರಿಮೀನು. ಅದರ ತಳದಲ್ಲಿ ತಿರುಪಿನಂಥ ಉದ್ದನೆಯ ಉಕ್ಕಿನ ದಂಡ ತಿರುಗುತ್ತ ಮೀನನ್ನು ತಳ್ಳಿಕೊಂಡು ಹೋಗಿ ಬೇಯಿಸುವ ಪೀಪಾಯಿಗೆ ಹಾಕುತ್ತಿತ್ತು. ಬೆಂದದ್ದು ಹಿಂಡಿಸಿಕೊಂಡು, ಎಣ್ಣೆ ಬೇರೆಯಾಗಿ, ಒಣಗಿ, ಕೊನೆಯಲ್ಲಿ ಕಂದು ಹಿಟ್ಟಾಗಿ ಚೀಲಕ್ಕೆ ಬೀಳುತ್ತಿತ್ತು. ಗೇಟಿನ ತೂಕದವನು ಸಂಭಾವಿತ ಮನುಷ್ಯ. ಹೊಟ್ಟೆಹುಣ್ಣಿನವನಾದ್ದರಿಂದ ಸದಾ ಒಣ ಬಿಸ್ಕತ್ತು ಕಡಿಯುತ್ತಿರುತ್ತಿದ್ದ. ಅವಳ ಕಾಲು ನೋಡಿ ತನ್ನ ಕುರ್ಚಿಯನ್ನೇ ತಂದು ಹಾಕಿದ. ಈ ಹಿಟ್ಟು ಹೋಗುವುದೆಲ್ಲಿಗೆ ಎಂದು ಅವಳು ಕೇಳಿದಳು. ಕಡಲಾಚೆಗೆ, ಅಲ್ಲಿ ಕೊಳಗಳಲ್ಲಿ ಸಾಕುವ ಮೀನಿಗೆ ಮೇವಾಗಿ ಹೋಗುತ್ತದೆ ಎಂದ.

"ಅಂದ್ರೆ ಮೀನಿಗೆ ತಿನ್ನಿಸೋಕೆ ಮೀನು?"

"ಹೌದಕ್ಕ. ಇಲ್ಲಿನ ಐದು ಬುಟ್ಟಿ ಮೀನಿಗೆ ಒಂದು ಬುಟ್ಟಿ ಹಿಟ್ಟು. ಆ ಹಿಟ್ಟು ತಿಂದು ಅಲ್ಲಿ ಒಂದು ಬುಟ್ಟಿ ಮೀನು ಬೆಳೆಯುತ್ತೆ."

ಅವಳು ನಕ್ಕುಬಿಟ್ಟಳು. ಐದು ಕೊಟ್ಟು ಒಂದು ತರುವವನನ್ನು ನಮ್ಮಲ್ಲಿ ಹುಚ್ಚ ಅಂತೀವಿ ಎಂದಳು. ತೂಕದವನೂ ನಕ್ಕ. ಆದರೆ ಆ ಐದು ಬುಟ್ಟಿ ತಿನ್ನುವವರ ಕೈಯಲ್ಲಿ ಏನೂ ಇಲ್ಲ, ಒಂದು ಬುಟ್ಟಿ ತಿನ್ನುವವರ ಕೈಯಲ್ಲಿ ಎಲ್ಲವೂ ಇದೆ, ಲೆಕ್ಕ ಅಲ್ಲಿಗೆ ಸರಿಹೋಗುತ್ತೆ ಎಂದು ಬಿಸ್ಕತ್ತಿನ ಪುಡಿ ಒರೆಸಿಕೊಂಡ. ಕಡಲು ಬರಿದಾದರೆ ನೀವೇನು ಮಾಡುತ್ತೀರಿ ಎಂದು ಕೇಳಿದಾಗ ಅವನು ಸುತ್ತ ನೋಡಿ, ದನಿ ತಗ್ಗಿಸಿ, ಯಂತ್ರಗಳ ಬುಡ ತೋರಿಸಿದ. ಬೆಸುಗೆ ಒಂದೂ ಇಲ್ಲ, ಎಲ್ಲವೂ ಬೋಲ್ಟು. ದಿನಕ್ಕೆ ಇಷ್ಟು ಟನ್ನು ಎಂದು ಮೇಲಿನವರ ಕಟ್ಟಪ್ಪಣೆ. ಮೂರು ತಿಂಗಳು ಅದಕ್ಕಿಂತ ಕಡಿಮೆ ಬಿದ್ದರೆ ಬಿಚ್ಚಿಕೊಂಡು ಮುಂದಿನ ದಂಡೆಗೆ ಹೊರಡುವುದು. ತಾನು ಕಂಡ ಹಾಗೆ ಇದು ಮೂರನೇ ಜಾಗ ಎಂದ. ಅವನ ಮಾತಿನಲ್ಲಿ ಕೇಡು ಇರಲಿಲ್ಲ. ಹವೆ ಹೇಗಿದೆ ಎಂದು ಹೇಳುವವನ ಹಾಗೆ ಹೇಳಿದ.

ಆ ದಿನ ಮನೆಗೆ ಬಂದ ಬಲೆಯಕ್ಕ ಸೂಜಿ ಮುಟ್ಟಲಿಲ್ಲ. ಮರುದಿನ ಕೋಲೂರಿಕೊಂಡು ಗಾಳಿಯಜ್ಜನ ಮನೆಗೆ ಹೋದಳು. ದಂಡೆಯಲ್ಲಿ ಎಲ್ಲರಿಗಿಂತ ಹಿರಿಯ ಅವನು. ಬೀಸುವ ಗಾಳಿಯನ್ನು ಮೂಸಿ ನಾಳೆಯ ಕಡಲು ಹೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಅವಳು ಕೇಳಿದ್ದನ್ನೆಲ್ಲ ಹೇಳಿದಳು. ಅಜ್ಜ, ಬಿತ್ತುವ ಬೀಜ ಹುರಿದು ತಿಂದೆವಲ್ಲ ಮಗಳೇ ಎಂದ. ಆಮೇಲೆ ಇಬ್ಬರೂ ಮನೆಮನೆ ಸುತ್ತಿದರು. ಅವಳು ಕುಂಟುತ್ತ ಮುಂದೆ, ಅವನು ಕೆಮ್ಮುತ್ತ ಹಿಂದೆ. ಒಬ್ಬ ಬಿಟ್ಟರೆ ಇನ್ನೊಬ್ಬ ಬಾಚಿಕೊಳ್ಳುತ್ತಾನೆ ಎನ್ನುವುದು ತಾನೇ ಎಲ್ಲರ ಭಯ? ಹಾಗಾದರೆ ಮೂವತ್ತೊಂದು ದೋಣಿಯವರೂ ಒಂದೇ ದಿನ ಬಿಡೋಣ. ಗಾಳಿಯ ತಿಂಗಳು ಕಳೆದು ಕಡಲಿಗೆ ಇಳಿಯುವಾಗ ಎಲ್ಲರೂ ಎರಡು ಬೆರಳಿನ ಬಲೆ ಹಿಡಿದೇ ಇಳಿಯೋಣ. ಒಂದೇ ಒಂದು ವರ್ಷ.

ಒಪ್ಪಿಸಲು ಇಪ್ಪತ್ತು ದಿನ ಹಿಡಿಯಿತು. ಮೊಂಡ ಎಂದೇ ಹೆಸರಾದ ದೋಣಿಯವನೊಬ್ಬ ಕೊನೆಯವರೆಗೂ ತಲೆಯಾಡಿಸಲಿಲ್ಲ. ಅವನ ಅವ್ವನೇ ಬಂದು, ನನ್ನ ಅಟ್ಟಣೆ ಒಲೆಗೆ ಹಾಕಿದ್ದು ಸಾಕು ಎಂದು ಗದರಿದ ಮೇಲೆ ಒಪ್ಪಿದ. ಎಲ್ಲರಿಗಿಂತ ಮೊದಲು, ಎಲ್ಲರೆದುರು, ನಾನು ತಯಾರು ಎಂದು ಎದ್ದು ನಿಂತವನು ಬಲೆಯಕ್ಕನ ತಮ್ಮ. ಅವಳ ಎದೆ ತುಂಬಿ ಬಂತು. ಸಣ್ಣ ಕಣ್ಣಿನ ಬಲೆಗಳನ್ನೆಲ್ಲ ಹೊತ್ತು ತಂದು ಹಳೆಯ ಮಂಜುಗಡ್ಡೆ ಕಾರ್ಖಾನೆಯ ಕೋಣೆಯಲ್ಲಿ ರಾಶಿ ಹಾಕಿ ಬೀಗ ಜಡಿದರು. ಬೀಗದ ಕೈ ಬಲೆಯಕ್ಕನ ಪೆಟ್ಟಿಗೆಗೆ ಬಂತು. ದಿನಾ ದೋಣಿಗಳು ದಡಕ್ಕೆ ಬರುವಾಗ ಅವಳು ಒಂದೊಂದೇ ಬಲೆಯ ಕಣ್ಣಿಗೆ ಬೆರಳು ತೂರಿಸಿ ನೋಡುವುದೆಂದೂ, ಅವಳ ಮಾತಿಗೆ ಎದುರಾಡಕೂಡದೆಂದೂ ತೀರ್ಮಾನವಾಯಿತು.

ಮೊದಲ ಆರು ವಾರ ಊರು ಹಲ್ಲು ಕಚ್ಚಿಕೊಂಡು ಬದುಕಿತು. ಬಲೆಗಳು ಹಗುರವಾಗಿ ಬಂದವು. ಕೆಲವರ ಮನೆಯಲ್ಲಿ ಸಂಜೆಯ ಒಲೆ ಹೊತ್ತಲಿಲ್ಲ. ಇದ್ದವರು ಇಲ್ಲದವರಿಗೆ ಅನ್ನದ ಪಾತ್ರೆ ಕಳಿಸಿದರು. ಕಾರ್ಖಾನೆಯವರು ಮೊದಲು ನಕ್ಕರು, ಆಮೇಲೆ ಮರಿಗೆ ದರ ಏರಿಸಿದರು, ಅದಕ್ಕೂ ಬಗ್ಗದಿದ್ದಾಗ ಸುಮ್ಮನಾದರು. ಹೀಗೆ ಸುಮ್ಮನಾದದ್ದು ಯಾಕೋ ಒಳ್ಳೆಯದಲ್ಲ ಎಂದು ಗಾಳಿಯಜ್ಜ ಮಾತ್ರ ಹೇಳುತ್ತಿದ್ದ. ಆದರೂ ದಂಡೆಗೆ ಏನೋ ಒಂದು ಕಳೆ ಬಂದಿತ್ತು. ಬಲೆಯಕ್ಕ ಮರಳ ಮೇಲೆ ಕಾಲೆಳೆಯುತ್ತ ಹೋದರೆ ಗಂಡಸರು ಬಲೆಯನ್ನು ತಾವಾಗಿಯೇ ಬಿಡಿಸಿ ಹಿಡಿಯುತ್ತಿದ್ದರು. ಮೊಂಡ ಕೂಡ.

ತಮ್ಮನ ಬಲೆಯನ್ನು ಅವಳು ಬಾಯಿಯ ಹತ್ತಿರ ಮಾತ್ರ ನೋಡಿ ಬಿಡುತ್ತಿದ್ದಳು. ಅವನನ್ನು ಶಂಕಿಸಲು ಏನೂ ಇಲ್ಲವೆಂದು. ಏಳನೇ ವಾರದ ಒಂದು ಬೆಳಿಗ್ಗೆ ಅವನ ಬಲೆಯ ಬಾಲಕ್ಕೆ ಕಲ್ಲು ಸಿಕ್ಕಿ ಹರಿದಿದೆಯೇನೋ ಎಂದು ಎಳೆದು ನೋಡಿದಳು. ಎರಡು ಬೆರಳಿನ ಬಲೆಯ ಒಳಗೆ, ಅದಕ್ಕೆ ಅಂಟಿಕೊಂಡಂತೆ, ಇನ್ನೊಂದು ಬಲೆ ಹೊಲಿದಿತ್ತು. ಒಂದು ಬೆರಳಿನದು. ಅವಳೇ ಹನ್ನೊಂದು ದಿನ ಕೂತು ಹೆಣೆದದ್ದು. ಬೀಗ ಹಾಕಿದ ಕೋಣೆಯಲ್ಲಿ ಇರಬೇಕಾದದ್ದು. ಬೀಗದ ಕೈ ಎಲ್ಲಿದೆಯೆಂದು ಗೊತ್ತಿದ್ದವರು ಊರಿಗೆಲ್ಲ ಇಬ್ಬರು: ಅವಳು, ಮತ್ತು ಆ ಮನೆಯಲ್ಲಿ ಹುಟ್ಟಿ ಬೆಳೆದವನು.

ಅವಳು ತಲೆಯೆತ್ತಿದಳು. ತಮ್ಮ ದೋಣಿಯ ಅಂಚು ಹಿಡಿದು ನಿಂತಿದ್ದ. ಪಕ್ಕದ ದೋಣಿಯವರು ಹತ್ತು ಮಾರು ದೂರದಲ್ಲಿದ್ದರು.

"ಹೊರಗಡೆ ದೊಡ್ಡ ಹಡಗು ಬಂದಿದೆ ಅಕ್ಕ," ಎಂದ ಅವನು ತುಟಿ ಅಲ್ಲಾಡಿಸದೆ. "ಕಾರ್ಖಾನೆಯವರೇ ಬಾಡಿಗೆಗೆ ತರಿಸಿರೋದು. ನಾವಿಲ್ಲಿ ಬಿಟ್ಟ ಮರಿಯನ್ನ ಅದು ಅಲ್ಲಿ ಎತ್ಕೊಂಡು ರಾತ್ರೋರಾತ್ರಿ ಅದೇ ಗುಂಡಿಗೆ ಸುರೀತಿದೆ. ನಾವು ಯಾರಿಗೋಸ್ಕರ ಉಪವಾಸ ಇದ್ದೀವಿ ಹೇಳು."

ಆ ಮಾತು ನಿಜವೆಂದು ಆಮೇಲೆ ಎಲ್ಲರಿಗೂ ತಿಳಿಯಿತು. ಆದರೆ ಆ ಗಳಿಗೆಯಲ್ಲಿ ಬಲೆಯಕ್ಕನಿಗೆ ಹಡಗು ಕಾಣಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿ ಹಾಕಿದವಳು ತಾನು. ಹತ್ತು ಮಾರು ದೂರದವರನ್ನು ಕೂಗಿ ಕರೆಯಬೇಕಿತ್ತು. ಬಾಯಿ ತೆರೆದಳು. ಕರೆಯಲಿಲ್ಲ. ಇವತ್ತೇ ಬಿಚ್ಚಿ ಕೋಣೆಗೆ ಹಾಕು, ಇನ್ನು ಮುಟ್ಟುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಹೇಳು ಎಂದಳು. ಅವನು ಮುಟ್ಟಿ ಹೇಳಿದ. ಮಧ್ಯಾಹ್ನ ಬಲೆ ವಾಪಸು ಕೋಣೆಗೆ ಹೋಯಿತು. ಬೀಗದ ಕೈಯನ್ನು ಅವಳು ಪೆಟ್ಟಿಗೆಯಿಂದ ತೆಗೆದು ಕೊರಳಿಗೆ ಕಟ್ಟಿಕೊಂಡಳು.

ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ದಂಡೆಗೆ ಹೋದಾಗ, ಮೊಂಡ ಎಂದಿನಂತೆ ಬಲೆ ಬಿಡಿಸಿ ಹಿಡಿದು, ನೋಡಿಕೊಳ್ಳಿ ಅಕ್ಕ ಎಂದಾಗ, ಅವಳ ಬೆರಳು ಕಣ್ಣಿನೊಳಗೆ ಹೋಗಲು ತಡವರಿಸಿತು. ಊರಿಗೆ ಹೇಳಿದರೆ ತಮ್ಮನ ದೋಣಿಯನ್ನು ದಡಕ್ಕೆ ಹಾಕಿಸುತ್ತಾರೆ; ಮಗಳ ಶಾಲೆ ನಿಲ್ಲುತ್ತದೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಬಲೆ ವಾಪಸು ಹೋಗಿದೆಯಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡಳು.

ನಾಲ್ಕನೇ ದಿನ ತಮ್ಮನ ದೋಣಿಯ ಕೂಲಿಯವನೊಬ್ಬ ಪಾಲಿನ ವಿಷಯಕ್ಕೆ ಅವನೊಡನೆ ಜಗಳವಾಡಿ, ದಂಡೆಯಲ್ಲಿ ನಿಂತು ಎಲ್ಲವನ್ನೂ ಬಯಲು ಮಾಡಿದ. ಜನ ತಮ್ಮನ ಮನೆಗೆ ಹೋಗಲಿಲ್ಲ. ನೇರ ಬಲೆಯಕ್ಕನ ಚಪ್ಪರಕ್ಕೆ ಬಂದರು. ನಲವತ್ತು ಐವತ್ತು ಜನ ಇದ್ದಾರು. ಗಲಾಟೆಯಿರಲಿಲ್ಲ. ಗಾಳಿಯಜ್ಜನನ್ನು ಮುಂದೆ ಬಿಟ್ಟರು. ಅವನು ಅವಳ ಮುಖ ನೋಡದೆ, ನೂಲಿನ ಉಂಡೆ ನೋಡುತ್ತ ಕೇಳಿದ.

"ನಿಂಗೆ ಗೊತ್ತಿತ್ತಾ ಮಗಳೇ?"

ಸುಳ್ಳು ಹೇಳಬಹುದಿತ್ತು. ಅವಳ ಮಾತಿಗೆ ಅಂದಿನವರೆಗೂ ಎದುರು ಮಾತಿರಲಿಲ್ಲ. ಇಲ್ಲ ಎಂದಿದ್ದರೆ ನಂಬುತ್ತಿದ್ದರು, ತಮ್ಮನೊಬ್ಬ ಕಳ್ಳನಾಗುತ್ತಿದ್ದ, ಒಪ್ಪಂದ ಉಳಿಯುತ್ತಿತ್ತೋ ಏನೋ. ಆಮೇಲಿನ ವರ್ಷಗಳಲ್ಲಿ ಅವಳು ಇದನ್ನು ಎಷ್ಟು ಸಲ ಯೋಚಿಸಿದಳೋ ಲೆಕ್ಕವಿಲ್ಲ. ಆದರೆ ಅಂದು ನಾಲಿಗೆ ಹೊರಳಲಿಲ್ಲ.

"ಗೊತ್ತಿತ್ತು," ಎಂದಳು. "ಮೂರು ದಿನದಿಂದ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಂಡ ಮುಂದೆ ಬಂದು ಅಂಗೈ ಚಾಚಿದ. ಅವಳು ಕೊರಳಿನ ಬೀಗದ ಕೈ ಬಿಚ್ಚಿ ಕೊಟ್ಟಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಬಲೆಯನ್ನು ಹೆಗಲ ಮೇಲೆ ಹೊತ್ತು ಅವಳ ಚಪ್ಪರದ ಮುಂದೆಯೇ ಹಾದುಹೋದರು. ಅವರಲ್ಲಿ ಕೆಲವರು ಅಳುತ್ತಿದ್ದರು ಎಂದು ಗಾಳಿಯಜ್ಜ ಆಮೇಲೆ ಹೇಳಿದ. ಅವಳು ಯಾರ ಮುಖವನ್ನೂ ನೋಡಿರಲಿಲ್ಲ.

ಮುಂದಿನದನ್ನು ಹೇಳಲು ಹೆಚ್ಚು ಹೊತ್ತು ಬೇಡ. ಆರು ವಾರ ಕಳೆದುಕೊಂಡದ್ದನ್ನು ಆರು ದಿನದಲ್ಲಿ ತುಂಬಿಕೊಳ್ಳಬೇಕೆಂಬ ಹಟಕ್ಕೆ ಬಿದ್ದವರಂತೆ ಊರವರು ಕಡಲಿಗೆ ಬಿದ್ದರು. ಹೊರಗಿನಿಂದ ಹಡಗು, ಒಳಗಿನಿಂದ ದೋಣಿ. ವರ್ಷ ತುಂಬುವ ಮೊದಲೇ ಬಲೆಗೆ ಮರಿಯೂ ಬೀಳದಾಯಿತು. ಬರೀ ಲೋಳೆ, ಎಳೆದ ಕೈಗೆ ಉರಿ. ಕಾರ್ಖಾನೆಯ ಹೊಗೆ ವಾರಕ್ಕೆ ಎರಡು ದಿನ, ಆಮೇಲೆ ಒಂದು ದಿನ, ಆಮೇಲೆ ಇಲ್ಲ. ಯಂತ್ರಗಳನ್ನು ಬಿಚ್ಚಲು ಒಂಬತ್ತು ದಿನ ಸಾಕಾಯಿತು. ತೂಕದವನು ಹೊರಡುವ ಮೊದಲು ಬಂದು ಬಲೆಯಕ್ಕನಿಗೆ ಕೈಮುಗಿದು ಹೋದ. ಉಳಿದದ್ದು ಸಿಮೆಂಟಿನ ಗುಂಡಿ, ಅದರ ಮೇಲೆ ಕಾಗೆ ಬೀಳದಂತೆ ಅವಳು ಹಾಸಿದ ಬಲೆ. ಆ ಚಳಿಗಾಲ ಗಾಳಿಯಜ್ಜ ಕೆಮ್ಮಿ ಕೆಮ್ಮಿ ತೀರಿಕೊಂಡ.

ಕಾರ್ಖಾನೆಯ ಜೊತೆಗೆ ತಮ್ಮನೂ ಹೊರಟ. ಹೊಸ ದಂಡೆಯ ಜನಕ್ಕೆ ಸಣ್ಣ ಕಣ್ಣಿನ ಬಲೆ ಎಳೆಯುವುದನ್ನು ಕಲಿಸಲು ಅನುಭವಸ್ಥರು ಬೇಕಾಗಿದ್ದರಂತೆ. ಹೆಂಡತಿ ಮಗಳನ್ನೂ ಕರೆದುಕೊಂಡು ಹೊರಟವನು ಬಾಗಿಲಲ್ಲಿ ನಿಂತು, ನೀನೂ ಬಾ ಅಕ್ಕ, ಅಲ್ಲಿ ಹೆಣೆಯುವವರಿಗೂ ಕೆಲಸ ಇದೆ ಎಂದ. ಅವಳು ಒಲೆ ಊದುತ್ತ ಕೂತಿದ್ದಳು; ತಿರುಗಲಿಲ್ಲ. ಬಲೆ ಕೇಳುವವರಿಲ್ಲದ ಊರಿನಲ್ಲಿ ಅವಳು ಕಟ್ಟಡ ಕೆಲಸದವರಿಗೆ ಹಸಿರು ಪರದೆ ಹೊಲಿದುಕೊಡುತ್ತ ಹೊಟ್ಟೆ ಹೊರೆದಳು.

ಐದು ತಿಂಗಳ ಮೇಲೆ ಒಂದು ಸಂಜೆ ತಮ್ಮನ ಫೋನು ಬಂತು. ಅವನ ದನಿಯಲ್ಲಿ ಹುರುಪಿತ್ತು. ಇಲ್ಲಿನ ಕಡಲು ಅಪ್ಪನ ಕಾಲದ ನಮ್ಮ ಕಡಲಿನ ಹಾಗಿದೆ, ಹುಟ್ಟು ಹಾಕಿದರೆ ಮೀನಿಗೆ ತಾಗುತ್ತೆ ಎಂದ. ಇಲ್ಲಿಯೂ ಬಲೆ ಹೆಣೆಯುವ ಮುದುಕನೊಬ್ಬನಿದ್ದಾನೆ, ನಿಮ್ಮಲ್ಲಿ ಏನಾಯಿತು ಎಂದು ಕೇಳಿದ ಎಂದ.

"ನೀನೇನು ಹೇಳಿದೆ?"

"ನಮ್ಮಲ್ಲಿ ಮೀನು ತಾನಾಗೇ ಹೋಯ್ತು ಅಂದೆ."

ಬಲೆಯಕ್ಕ ಎರಡು ದಿನ ಯೋಚಿಸಿದಳು. ಮೂರನೇ ದಿನ ಮನೆಗೆ ಬೀಗ ಹಾಕಿ, ಗಂಟು ಕಟ್ಟಿಕೊಂಡು ಹೊರಟಳು. ಹುಟ್ಟಿದ ಮೇಲೆ ಪೇಟೆ ದಾಟಿ ಹೋಗದವಳು ಎರಡು ಬಸ್ಸು, ಒಂದು ಲಾಂಚು, ಮತ್ತೆ ಒಂದು ಬಸ್ಸು ಹತ್ತಿ ಇಳಿದಳು. ಸೊರಗಿದ ಕಾಲು ಊದಿ ಚಪ್ಪಲಿಗೆ ಹೋಗದಾಯಿತು, ಬರಿಗಾಲಲ್ಲೇ ನಡೆದಳು. ನಾಲ್ಕನೇ ದಿನ ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗಲೇ ಆ ವಾಸನೆ ಬಂದು ಮೂಗಿಗೆ ಬಡಿಯಿತು. ದಾರಿ ಯಾರನ್ನೂ ಕೇಳಬೇಕಾಗಲಿಲ್ಲ.

ಅವಳನ್ನು ಕಂಡು ತಮ್ಮನ ಮುಖ ಬಿಳಿಚಿಕೊಂಡಿತು. ಬಂದ ಕಾರಣ ಕೇಳಿದ ಮೇಲೆ ಅವನು ತಡೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ. ಅಲ್ಲಿಯ ಮಾತು ಕಲಿತಿದ್ದ ಮಗಳು ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋದಳು.

ಮುದುಕ ಒಂದು ದೊಡ್ಡ ಮರದ ನೆರಳಲ್ಲಿ ಕೂತಿದ್ದ. ಅವನ ತೊಡೆಯ ಮೇಲಿದ್ದದ್ದು ಒಂದು ಬೆರಳಿನ ಬಲೆ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಬಲೆಯಕ್ಕ ಎದುರಿಗೆ ಕೂತು, ಯಾವುದನ್ನೂ ಬಿಡದೆ ಹೇಳಿದಳು. ಎರಡು ಬೆರಳಿನ ಅಳತೆ, ತಮ್ಮನಿಗೆ ಹೆಣೆದ ಮೊದಲ ಬಲೆ, ಸಿಮೆಂಟಿನ ನೆಲ, ಒಲೆಗೆ ಹೋದ ಅಟ್ಟಣೆ, ಬೋಲ್ಟುಗಳು, ಒಪ್ಪಂದ, ಹಡಗು, ತಾನು ಮುಚ್ಚಿಟ್ಟ ಮೂರು ದಿನ. ಹುಡುಗಿ ತಿರುಗಿಸಿ ಹೇಳುತ್ತ ಹೋದಳು. ತನ್ನ ಅಪ್ಪನ ಹೆಸರು ಬಂದಲ್ಲಿ ಅವಳ ದನಿ ಕುಗ್ಗಿತು, ಆದರೆ ಬಿಡಲಿಲ್ಲ. ಮುದುಕ ತಲೆ ತಗ್ಗಿಸಿ ಕೇಳುತ್ತಿದ್ದ. ಅವನ ಸೂಜಿ ಓಡುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಕೈ ನಿಲ್ಲಿಸಿ ಒಂದೇ ಮಾತು ಕೇಳಿದ.

"ಮೀನು ಎಷ್ಟು ವರ್ಷ ಬಂತು ಅಂತ ಕೇಳ್ತಿದ್ದಾರೆ ಅತ್ತೆ," ಎಂದಳು ಹುಡುಗಿ.

"ನಾಲ್ಕು," ಎಂದಳು ಬಲೆಯಕ್ಕ. "ಅದೂ ಕೊನೆಯದು ಬರೀ ಹೆಸರಿಗೆ."

ಮುದುಕ ಬೆರಳು ಮಡಿಸಿ ಏನೋ ಎಣಿಸಿದ. ದೂರದಲ್ಲಿ ನೀರು ಹೊತ್ತು ಬರುತ್ತಿದ್ದ, ತಮ್ಮನ ಮಗಳಷ್ಟೇ ವಯಸ್ಸಿನ ಹುಡುಗಿಯೊಬ್ಬಳತ್ತ ನೋಡಿ ಮೆಲ್ಲಗೆ ಮಾತಾಡಿದ.

"ಅದು ಅವರ ಮೊಮ್ಮಗಳಂತೆ. ಅವಳ ಓದು ಮುಗಿಯೋಕೆ ಇನ್ನು ಮೂರು ವರ್ಷ ಇದೆಯಂತೆ," ಎಂದಳು ತಮ್ಮನ ಮಗಳು. "ಹಾಗಾದ್ರೆ ಸಾಕು ಅಂತಿದ್ದಾರೆ."

ಬಲೆಯಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮನುಷ್ಯ ದುಷ್ಟನಲ್ಲ, ದಡ್ಡನೂ ಅಲ್ಲ. ಕೇಳಿದ್ದೆಲ್ಲ ಅವನಿಗೆ ಅರ್ಥವಾಗಿತ್ತು. ತನ್ನ ಮುಂದೆ ಯಾರಾದರೂ ಹೀಗೆ ನಾಲ್ಕು ದಿನದ ದಾರಿ ಸವೆಸಿ ಬಂದು ಹೇಳಿದ್ದರೆ, ತಾನು ಆ ಹನ್ನೊಂದು ದಿನದಲ್ಲಿ ಒಂದು ದಿನವಾದರೂ ಸೂಜಿ ಕೆಳಗಿಡುತ್ತಿದ್ದೆನೇ ಎಂದು ಕೇಳಿಕೊಂಡಳು. ಹೌದು ಎನ್ನಲು ಮನಸ್ಸು ಬರಲಿಲ್ಲ.

ಬಿಸಿಲು ಸರಿದು ಅವಳ ಊದಿದ ಕಾಲ ಮೇಲೆ ಬಿದ್ದಿತ್ತು. ಮುದುಕ ಅದನ್ನು ನೋಡಿದ. ಬಲೆಯ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ತನ್ನ ಕಡೆಗೆ ಎಳೆದುಕೊಂಡು, ನೆರಳಲ್ಲಿ ಅವಳಿಗೂ ಜಾಗ ಮಾಡಿದ. ಅವಳು ಸರಿದು ಕೂತಳು. ವಾಪಸು ಹೋಗುವ ಬಸ್ಸು ಮರುದಿನ ಬೆಳಿಗ್ಗೆ ಇತ್ತು.